ಬದಲಿಸುವ ಮುನ್ನ ತೆರೆದು ನೋಡಿ

1 ಜನವರಿ 1980, ಬೆಳಿಗ್ಗೆ 9 ಗಂಟೆ 12 ನಿಮಿಷ. ಇದು ಯಂತ್ರ ಹೇಳುವ ದಿನಾಂಕ.

ಮುಂಗಾರು ಮುಗಿದ ಒಂಬತ್ತನೆಯ ದಿನ, ವರ್ಷ 2209. ಇದು ಹುಲಿಗೆವ್ವ ಎಂಬ ನಾನು ಕೈಯಾರೆ ಬರೆಯುವ ದಿನಾಂಕ. ಇದನ್ನು ನಂಬಿ.

ಹಿಂದಿನವರೇ,

ನನ್ನ ಮಾತುಗಳು ನಿಮಗೆ ಒರಟಾಗಿ ಕಂಡರೆ, ಕೆಲವು ಪದಗಳು ಅರ್ಥವಾಗದಿದ್ದರೆ, ಅಷ್ಟರ ಮಟ್ಟಿಗೆ ಕ್ಷಮೆ ಕೇಳುತ್ತೇನೆ. ಬೇರೆ ಯಾವುದಕ್ಕೂ ಕೇಳುವುದಿಲ್ಲ. ನಿಮಗೇ ಏಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ಯಂತ್ರ ನನ್ನನ್ನು ದಿನಾ ನಿಮ್ಮ ಕಾಲಕ್ಕೆ ತಂದು ನಿಲ್ಲಿಸುತ್ತದೆ. ಬೆಳಿಗ್ಗೆ ಮೇಲಿನ ಫಲಕಗಳಿಗೆ ಬಿಸಿಲು ತಾಗಿ ಯಂತ್ರ ಎಚ್ಚರವಾದಾಗ ಅದರ ಲೆಕ್ಕದಲ್ಲಿ ಅದು 1980ರ ಜನವರಿ ಒಂದು. ಸಂಜೆ ಕರೆಂಟು ಹೋಗುವವರೆಗೆ ಅದೇ ದಿನ, ಮರುದಿನ ಮತ್ತೆ ಅದೇ ದಿನ. ಅದರೊಳಗಿನ ಗಡಿಯಾರವನ್ನು ಜೀವಂತ ಇಡುವ ಗುಂಡಿಯಷ್ಟು ಚಿಕ್ಕ ಬ್ಯಾಟರಿ ಸತ್ತು ಎಪ್ಪತ್ತು ವರ್ಷವಾಯಿತು. ಅಂಥದ್ದನ್ನು ಮಾಡಬಲ್ಲವರು ಈಗ ಯಾರೂ ಇಲ್ಲ. ನೀವು ಅದನ್ನು ಕೋಟಿಗಟ್ಟಲೆ ಮಾಡಿ ಕಸದಲ್ಲಿ ಎಸೆದಿರಿ ಎಂದು ಕೇಳಿದ್ದೇನೆ.

ನಾವು ಕೃಷ್ಣೆ, ತುಂಗಭದ್ರೆಯರ ನಡುವಿನ ನೆಲದ ಕೆಳಗೆ, ನೀವು ಚಿನ್ನ ತೆಗೆದುಕೊಂಡು ಬಿಟ್ಟುಹೋದ ಒಂದು ಗಣಿಯಲ್ಲಿ ಬದುಕುತ್ತೇವೆ. ಮೇಲೆ ಬದುಕಲಾಗದಷ್ಟು ಬಿಸಿ. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಮೇಲೆ ಹೋಗಿ ನವಣೆ ನೋಡಿಕೊಳ್ಳುತ್ತೇವೆ. ನಡುವಿನ ಹೊತ್ತಿಗೆ ಹಗಲುಗಟ್ಟು ಎನ್ನುತ್ತೇವೆ, ಆಗ ಗಣಿಯ ಬಾಯಿಬಾಗಿಲು ಮುಚ್ಚಿರುತ್ತದೆ. ಗಣಿಗೆ ಏಳು ಅಂತಸ್ತು. ಒಂದರಿಂದ ನಾಲ್ಕರವರೆಗೆ ಮೇಲಿನವರು, ಐದರಿಂದ ಏಳರವರೆಗೆ ನಾವು, ಕೆಳಗಿನವರು. ವರ್ಷಕ್ಕೆ ಎರಡು ಸಲ, ಮುಂಗಾರಿನಲ್ಲೊಮ್ಮೆ ಹಿಂಗಾರಿನಲ್ಲೊಮ್ಮೆ, ಮಳೆ ಒಮ್ಮೆಗೇ ಸುರಿಯುತ್ತದೆ. ನೀರು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಆಗ ನಾವೆಲ್ಲ ಎರಡನೆಯ ಅಂತಸ್ತಿನ ಮಳೆಗೂಡಿಗೆ ಹತ್ತಿ ಹೋಗಬೇಕು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಾಪೆಯ ಜಾಗ, ಒಂದೊಂದು ತಟ್ಟೆ ಅಂಬಲಿ. ಹತ್ತುವ ದಾರಿಗಳು ನಲವತ್ತಕ್ಕೂ ಹೆಚ್ಚು. ಪ್ರತಿ ವರ್ಷ ಕೆಲವು ಕುಸಿಯುತ್ತವೆ, ಕೆಲವು ಹೂಳಿನಿಂದ ತುಂಬುತ್ತವೆ. ಹಾಗಾಗಿ ಯಾವ ದಾರಿ ಬದುಕಿದೆ, ಯಾವುದು ಸತ್ತಿದೆ ಎಂಬುದನ್ನು ಬರೆದಿಡುವುದೇ ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ. ಕಾಗದದಲ್ಲಿ ಬರೆದರೆ ಒಂದೇ ವರ್ಷದಲ್ಲಿ ಬೂಸಲು ತಿನ್ನುತ್ತದೆ. ಆದ್ದರಿಂದ ಯಂತ್ರದಲ್ಲಿ ಇಡುತ್ತೇವೆ. ಮಳೆಗೆ ಮುಂಚೆ ಅದರಿಂದ ನೋಡಿ ಅಂತಸ್ತಿನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯುತ್ತೇವೆ.

ನಮ್ಮ ಯಂತ್ರ ನಿಮ್ಮ ಹದಿನಾಲ್ಕು ಯಂತ್ರಗಳ ಎಲುಬು ಕೂಡಿಸಿ ಕಟ್ಟಿದ್ದು. ನೀವು ಫೈಲ್ ಎಂದದ್ದನ್ನು ನಾವು ಹಾಳೆ ಎನ್ನುತ್ತೇವೆ, ಫೋಲ್ಡರನ್ನು ಚೀಲ ಎನ್ನುತ್ತೇವೆ. ಯಂತ್ರವಿರುವ ಕೋಣೆ ಅಂಟುಮನೆ, ಅದನ್ನು ಕಾಯುವವಳು ನಕಲಮ್ಮ. ಚೀಲಗಳ ನಡುವೆ ಹಾಳೆಗಳನ್ನು ಓಡಾಡಿಸುವುದನ್ನು ನೀವು ನಾಲ್ಕನೆಯ ತರಗತಿಯ ಮಕ್ಕಳಿಗೆ ಒಂದು ಮಧ್ಯಾಹ್ನದಲ್ಲಿ ಕಲಿಸಿ ಮುಗಿಸುತ್ತಿದ್ದಿರಂತೆ. ನಾನು ನಾಲ್ಕು ವರ್ಷ ಕಲಿತೆ. ನಕಲು ಮಾಡಿದರೆ ಮೂಲ ಇದ್ದಲ್ಲೇ ಇರುತ್ತದೆ, ಇನ್ನೊಂದು ಹುಟ್ಟುತ್ತದೆ. ಕತ್ತರಿಸಿ ಅಂಟಿಸಿದರೆ ಇಲ್ಲಿಂದ ಹೋಗುತ್ತದೆ, ಅಲ್ಲಿ ಬರುತ್ತದೆ. ನಡುವೆ ಕರೆಂಟು ಹೋದರೆ ಅರ್ಧ ಚೀಲ ಇಲ್ಲಿ, ಅರ್ಧ ಅಲ್ಲಿ, ಯಾವುದು ಎಲ್ಲಿ ಎಂದು ಹುಡುಕುವುದೇ ಒಂದು ವಾರದ ಕೆಲಸ. ನನ್ನ ಅಜ್ಜಿಯ ಕಾಲದಲ್ಲಿ ಬಿತ್ತನೆಯ ಚೀಲ ಹಾಗೇ ಹರಿದುಹೋಯಿತು. ಅಂದಿನಿಂದ ಕೆಳಗಿನವರಲ್ಲಿ ಕತ್ತರಿಸುವುದು ನಿಷೇಧ. ಮೊದಲು ನಕಲು, ಆಮೇಲೆ ಎರಡೂ ಕಡೆ ತೆರೆದು ಓದಿ ಹೋಲಿಸುವುದು, ಬೇಕಿದ್ದರೆ ಮಾತ್ರ ಮೂಲವನ್ನು ಅಳಿಸುವುದು.

ಇನ್ನು ಅಂಟಿಸುವಾಗಿನ ಮಾತು. ಅಂಟಿಸಬೇಕಾದ ಜಾಗದಲ್ಲಿ ಅದೇ ಹೆಸರಿನ ಹಾಳೆ ಮೊದಲೇ ಇದ್ದರೆ ಯಂತ್ರ ಕೈ ತಡೆದು ಒಂದು ಚೌಕ ತೆರೆದು ಕೇಳುತ್ತದೆ. ಅದನ್ನು ಕೇಳುಗಿಂಡಿ ಎನ್ನುತ್ತೇವೆ. ಇದ್ದದ್ದನ್ನು ತೆಗೆದು ಹೊಸತನ್ನು ಇಡಲೇ? ಹಳೆಯದಾಗಿದ್ದರೆ ಮಾತ್ರ ಬದಲಿಸಲೇ? ಇದ್ದದ್ದು ಇರಲಿ ಎಂದು ಬಿಟ್ಟು ಮುಂದೆ ಹೋಗಲೇ? ಇಲ್ಲಾ, ಒಂದಕ್ಕೆ ಬೇರೆ ಹೆಸರು ಕೊಟ್ಟು ಎರಡನ್ನೂ ಇಡಲೇ? ಕೆಳಗೆ ಮೂಲೆಯಲ್ಲಿ ಒಂದು ಚಿಕ್ಕ ಪೆಟ್ಟಿಗೆ: ಎಲ್ಲಕ್ಕೂ ಇದನ್ನೇ ಮಾಡು. ನಮ್ಮಲ್ಲಿ ಈ ಕಿಂಡಿ ತೆರೆದಾಗ ಯಾರೂ ತಟ್ಟನೆ ಗುಂಡಿ ಒತ್ತುವುದಿಲ್ಲ. ನಕಲಮ್ಮ ಎಡಗೈಯನ್ನು ಬಂಡೆಯ ಗೋಡೆಗೆ ಒತ್ತಿ ನಿಲ್ಲುತ್ತಾಳೆ. ಓದುಗಿತ್ತಿ ಎಂಬವಳು ಪ್ರಶ್ನೆಯನ್ನು ಮೂರು ಸಲ ಗಟ್ಟಿಯಾಗಿ ಓದುತ್ತಾಳೆ. ಮೂರನೆಯ ಓದಿನ ಮೇಲೆ ಓದುಗಿತ್ತಿ ಉತ್ತರ ಹೇಳುತ್ತಾಳೆ, ನಕಲಮ್ಮ ಗೋಡೆಯಿಂದ ಕೈ ತೆಗೆಯುತ್ತಾಳೆ. ಆಮೇಲೆ ಒತ್ತಬೇಕು. ಮೇಲಿನವರು ಇದನ್ನು ನೋಡಿ ನಗುತ್ತಾರೆ. ನೀವೂ ನಗುತ್ತಿರಬಹುದು. ನಗಿರಿ. ನಿಮ್ಮ ಕಾಲದಲ್ಲಿ ಕಿಂಡಿ ತೆರೆಯುವ ಮುಂಚೆಯೇ ಬೆರಳು ಒತ್ತಿ ಆಗಿರುತ್ತಿತ್ತು, ಪ್ರಶ್ನೆ ಏನೆಂದು ಸಾವಿರಕ್ಕೊಬ್ಬರೂ ಓದುತ್ತಿರಲಿಲ್ಲ ಎಂದು ನಮ್ಮ ಕರಪತ್ರಗಳಲ್ಲಿದೆ. ಆ ಅಭ್ಯಾಸವನ್ನು ಯಂತ್ರದ ಜೊತೆಗೇ ನಮಗೆ ದಾಟಿಸಿ ಹೋದಿರಿ.

ಕರಪತ್ರಗಳ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ನನಗೆ ಅಕ್ಷರ ಕಲಿಸಿದ್ದು ಅವೇ. ಐದನೆಯ ಅಂತಸ್ತಿನ ಒಕ್ಕೂಟದವರು ಮಸಿಯಲ್ಲಿ ಅದ್ದಿದ ಕೊಳವೆ ಉರುಳಿಸಿ ಅಚ್ಚು ಹಾಕುತ್ತಿದ್ದ ಅಂಗೈಯಗಲದ ಹಾಳೆಗಳು. ಮೇಲಿನವರ ದಬ್ಬಾಳಿಕೆ ಏಕೆ, ಗಾಳಿ ಮೊದಲು ಯಾರಿಗೆ, ಫಲಕಗಳು ಯಾರ ಸ್ವತ್ತು ಎಂದೆಲ್ಲ ಅವುಗಳಲ್ಲಿ ಇರುತ್ತಿತ್ತು. ಪ್ರತಿ ಕರಪತ್ರದ ಕೊನೆಗೆ ಒಂದೇ ಸಾಲು: ಹೊಸದು ಗೆಲ್ಲಲಿ. ನಾನು ಆ ಸಾಲನ್ನು ಹಾಸಿಗೆಯ ಪಕ್ಕದ ಕಲ್ಲಿನ ಮೇಲೆ ಕೆತ್ತಿಕೊಂಡಿದ್ದೆ. ಅದು ಈಗಲೂ ಅಲ್ಲೇ ಇದೆ. ಅದನ್ನು ಉಜ್ಜಿ ತೆಗೆಯುವುದಿಲ್ಲ.

ಮುಂಗಾರಿಗೆ ಎಂಟು ದಿನ ಮುಂಚೆ ಮೇಲಿನವರ ಗುಮಾಸ್ತ ಅಮರಪ್ಪ ಒಂದು ಡಿಸ್ಕ್ ಹಿಡಿದುಕೊಂಡು ಕೆಳಗೆ ಇಳಿದು ಬಂದ. ಮೇಲಿನವರಲ್ಲೂ ಒಂದು ದಾರಿ ಚೀಲ ಇದೆ, ನಮ್ಮಲ್ಲೂ ಒಂದು ದಾರಿ ಚೀಲ ಇದೆ. ಎರಡರೊಳಗೂ ಆರುನೂರಾ ಹನ್ನೆರಡು ಹಾಳೆ, ಸುರಂಗಕ್ಕೊಂದು ಕವಲಿಗೊಂದು, ಅವೇ ಹೆಸರುಗಳು. ಎರಡನ್ನೂ ಕೂಡಿಸಿ ಗಣಿಗೆಲ್ಲ ಒಂದೇ ನಕ್ಷೆ ಮಾಡಬೇಕೆಂದು ಗಣಿಯನ್ನಾಳುವ ಹಿರಿಸಭೆಯ ಅಪ್ಪಣೆಯಾಗಿತ್ತು. ಒಳ್ಳೆಯ ಮಾತೇ ಎಂದು ನನಗೂ ಅನ್ನಿಸಿತು. ಆಗ ನಮ್ಮ ನಕಲಮ್ಮ ದ್ಯಾವಮ್ಮ. ಎಪ್ಪತ್ತು ದಾಟಿದ, ಬಾಯಿಯಲ್ಲಿ ಹಲ್ಲಿಗಿಂತ ಬೈಗುಳ ಹೆಚ್ಚಿದ್ದ ಮುದುಕಿ. ಮೂವತ್ತು ವರ್ಷ ಪ್ರತಿ ಸುರಂಗವನ್ನೂ ತಾನೇ ನಡೆದು ನೋಡಿ ಹಾಳೆ ತಿದ್ದಿದವಳು. ನಾನು ಅವಳ ಓದುಗಿತ್ತಿ.

ಅಮರಪ್ಪ ಡಿಸ್ಕ್ ಚುಚ್ಚಿ, ತನ್ನ ಚೀಲವನ್ನು ನಕಲು ಮಾಡಿ, ನಮ್ಮ ಚೀಲದ ಮೇಲೆ ಅಂಟಿಸಿದ. ಕೇಳುಗಿಂಡಿ ತೆರೆಯಿತು. ಎರಡೂ ಹಾಳೆಗಳ ಹೆಸರು, ಗಾತ್ರ, ದಿನಾಂಕ ಪಕ್ಕಪಕ್ಕದಲ್ಲಿ ಬಂದವು. ಅವನು ಬಗ್ಗಿ ನೋಡಿ ನಕ್ಕುಬಿಟ್ಟ. "ಏನಬೇ ಆಯಿ, ನಿನ್ನ ಹಾಳಿ ಎಲ್ಲಾ ಸಾವಿರದ ಒಂಬೈನೂರಾ ಎಂಬತ್ತರವು ಅದಾವಲ್ಲ! ನಿಮ್ಮ ಮುತ್ತ್ಯಾನ ಮುತ್ತ್ಯಾ ಬರದಿಟ್ಟು ಹೋಗ್ಯಾನೇನು?" ಬಾಗಿಲಲ್ಲಿ ನೆರೆದಿದ್ದವರೂ ನಕ್ಕರು. ದ್ಯಾವಮ್ಮ ಗೋಡೆಯಿಂದ ಕೈ ತೆಗೆಯದೆ ಹೇಳಿದಳು: "ಗಡಿಯಾರ ಸತ್ತೈತೋ ತಮ್ಮಾ, ದಾರಿ ಸತ್ತಿಲ್ಲ. ಒಂದ್ ಹಾಳಿ ತಗದು ನೋಡು. ಮೊದಲನೇ ಸಾಲಿನ್ಯಾಗ ನನ್ನ ಕೈಲೆ ತಾರೀಕು ಬರದೀನಿ." ಅಮರಪ್ಪ, "ಆರ್ನೂರಾ ಹನ್ನೆರಡು ತಗದು ನೋಡೂದ್ರಾಗ ನನಗ ಮೊಮ್ಮಕ್ಕಳು ಹುಟ್ಟಿರ್ತಾವು" ಎಂದ. "ಮೊದ್ಲು ಲಗ್ನ ಆಗೋ, ನಿನಗ ಯಾರು ಹೆಣ್ಣು ಕೊಡ್ತಾರ ನೋಡೂಣು" ಎಂದಳು ಮುದುಕಿ. ಈ ಸಲ ನಗು ಅವನ ಮೇಲೆ ಬಿತ್ತು. ಅವನ ಮುಖ ಕೆಂಪಾಯಿತು. ಮೂಲೆಯ ಪೆಟ್ಟಿಗೆಗೆ ಗುರುತು ಹಾಕಿ, ಹಳೆಯದಾಗಿದ್ದರೆ ಬದಲಿಸು ಎಂಬುದರ ಮೇಲೆ ಬಾಣ ನಿಲ್ಲಿಸಿ, ನನ್ನ ಕಡೆ ತಿರುಗಿ, ಓದು ಎಂದ.

ನಾನು ಓದಿದೆ. ಒಂದು ಸಲ ಓದಿದೆ. ಹಳೆಯದಾಗಿದ್ದರೆ ಬದಲಿಸಲೇ, ಎಲ್ಲಕ್ಕೂ ಇದನ್ನೇ ಮಾಡಲೇ. ಆ ಪದಗಳು ನನ್ನ ಕಿವಿಗೆ ಕರಪತ್ರದ ಹಾಗೆ ಕೇಳಿದವು. ನನಗೆ ಹತ್ತೊಂಬತ್ತು ವರ್ಷ. ಹಳೆಯದೆಲ್ಲ ಹೋಗಬೇಕು, ಹೊಸದು ಬರಬೇಕು ಎಂದು ಎದೆಯಲ್ಲಿ ಬೆಂಕಿ ಇಟ್ಟುಕೊಂಡು ಓಡಾಡುತ್ತಿದ್ದವಳು. ಎರಡನೆಯ ಸಲ ಓದಲಿಲ್ಲ. "ಹೊಸಾದು ಗೆಲ್ಲಲಿ, ಆಯಿ. ಹಳೇದನ್ನ ಎಷ್ಟ್ ದಿನಾ ಅಂತ ಹೊತ್ಕೊಂಡು ಕುಂದರ್ತಿ?" ಎಂದೆ. ಓದುಗಿತ್ತಿ ಉತ್ತರ ಕೊಟ್ಟ ಮೇಲೆ ನಕಲಮ್ಮ ಕೈ ತೆಗೆಯಲೇಬೇಕು, ಅದು ದ್ಯಾವಮ್ಮನೇ ಮಾಡಿದ ನಿಯಮ. "ಓದಿದಾಕಿ ನೀನು" ಎಂದು ಹೇಳಿ ಕೈ ತೆಗೆದಳು. ಅಮರಪ್ಪ ಒತ್ತಿದ. ನಾನು ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ಮೂವತ್ತು ವರ್ಷದ ನಡಿಗೆ ಅಳಿಸಿಹೋಯಿತು.

ಮೇಲಿನವರ ಹಾಳೆಗಳು ಹೊಸವೇ? ನಮ್ಮ ಅಂತಸ್ತುಗಳ ಸುರಂಗಗಳನ್ನು ಅವರು ಕೊನೆಯ ಸಲ ನಡೆದು ನೋಡಿ ಆರು ವರ್ಷವಾಗಿತ್ತು. ಆದರೆ ಹೋದ ವರ್ಷ ಯಾರೋ ಒಬ್ಬ ಗುಮಾಸ್ತ ಅವನ್ನೆಲ್ಲ ತೆರೆದು, ಒಂದು ಗೆರೆಯನ್ನೂ ತಿದ್ದದೆ, ಮತ್ತೆ ಉಳಿಸಿ ಮುಚ್ಚಿದ್ದ. ಅವರ ಯಂತ್ರಕ್ಕೆ ಕರೆಂಟು ಎಂದೂ ತಪ್ಪದು, ಅದರ ಗಡಿಯಾರ ಇನ್ನೂ ಸತ್ತಿಲ್ಲ; ಅಷ್ಟಕ್ಕೇ ಹಾಳೆಗಳ ಮೈಮೇಲೆ ಹೊಸ ದಿನಾಂಕ ಕೂತಿತ್ತು. ಯಂತ್ರಕ್ಕೆ ಗೊತ್ತಿರುವುದು ಮೈಮೇಲಿನ ದಿನಾಂಕ ಒಂದೇ. ಒಳಗೆ ಏನಿದೆ ಎಂದು ಅದು ಓದುವುದಿಲ್ಲ. ಓದಬೇಕಾದದ್ದು ನಾವು. ನಮ್ಮಲ್ಲಿ ಇನ್ನೊಂದು ಪ್ರತಿ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ನಮ್ಮ ಎರಡನೆಯ ಡಿಸ್ಕನ್ನು ಎರಡು ವರ್ಷದ ಹಿಂದೆ ಮೇಲಿನವರು ನಾಲ್ಕು ದಿನಕ್ಕೆಂದು ಒಯ್ದು, ಅದನ್ನು ಖಾಲಿ ಮಾಡಿ, ತಮ್ಮ ಮದುವೆಗಳ ಹಾಡು ತುಂಬಿಕೊಂಡಿದ್ದಾರೆ.

ಅಂದು ಮಧ್ಯಾಹ್ನವೇ ದ್ಯಾವಮ್ಮ ನೆನಪಿನಿಂದ ಹಾಳೆಗಳನ್ನು ಮತ್ತೆ ತಿದ್ದಲು ಕೂತಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅವಳು ಹೇಳುತ್ತಾ ಹೋದಳು, ನಾನು ಒತ್ತುತ್ತಾ ಹೋದೆ. ಮಳೆ ಹಿಡಿಯುವ ಹೊತ್ತಿಗೆ ಐದನೆಯ ಅಂತಸ್ತು ಮುಗಿದಿತ್ತು, ಮಳೆಯ ಐದನೆಯ ದಿನಕ್ಕೆ ಆರನೆಯದೂ ಮುಗಿಯಿತು. ಏಳನೆಯದು ಉಳಿಯಿತು. ಅದರ ಗೋಡೆಗೆ, ಮಳೆಗೆ ಮುಂಚೆಯೇ, ಯಂತ್ರದಲ್ಲಿ ಇದ್ದದ್ದನ್ನು ಇದ್ದ ಹಾಗೆ ಸುಣ್ಣದಲ್ಲಿ ಬರೆದಿದ್ದವಳು ನಾನು. ಅಲ್ಲಿಂದ ಹತ್ತುವ ಗುಬ್ಬಿ ಸುರಂಗಕ್ಕೆ ಆರು ಕವಲು. ಮೂರನೆಯ ಕವಲಿನ ಸೂರು ಮೂರು ವರ್ಷದ ಹಿಂದೆ ಕುಸಿದು ದಾರಿ ಮುಚ್ಚಿದೆ. ಮೇಲಿನವರ ಹಾಳೆಯಲ್ಲಿ ಅದು ತೆರೆದೇ ಇತ್ತು. ಏಳನೆಯ ಅಂತಸ್ತಿನ ಹಳಬರಿಗೆ ಗೋಡೆ ನೋಡುವ ಅಗತ್ಯವಿಲ್ಲ. ಹೋದ ವರ್ಷವಷ್ಟೇ ಹೊಳೆದಂಡೆ ಬಿಟ್ಟು ಬಂದು ಮೂಲೆಯಲ್ಲಿ ನೆಲೆಸಿದ ಇಪ್ಪತ್ತಾರು ಮಂದಿಗೆ ಗೋಡೆಯೇ ಗತಿ. ಆರನೆಯ ದಿನ ನೀರು ಏರಿದಾಗ ಅವರು ನನ್ನ ಸುಣ್ಣದ ಬಾಣ ನೋಡಿಕೊಂಡು ಮೂರನೆಯ ಕವಲಿಗೆ ಹೊಕ್ಕರು. ಸುದ್ದಿ ತಿಳಿದ ದ್ಯಾವಮ್ಮ ದೀಪವನ್ನೂ ಕೇಳದೆ ಅವರ ಹಿಂದೆ ಇಳಿದಳು.

ಅವರಲ್ಲಿ ದುರಗವ್ವ ಎಂಬ ಹೆಣ್ಣುಮಗಳು ಆರು ತಿಂಗಳ ಬಸುರಿ. ಮಳೆಗೂಡಿನಲ್ಲಿ ಅಂಬಲಿಯ ತಟ್ಟೆಯನ್ನು ಮುಟ್ಟದೆ ಹಿಡಿದುಕೊಂಡು ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಮೊಣಕಾಲ ಮಟ ನೀರಿತ್ರಿ. ಹಿಂದಿಂದ ಆ ಮುದುಕಿ ಬೈಕೋತ ಬಂದ್ಲು. ಯಾವ ಕುರುಡಿ ಬರದಾಳ ಆ ಗ್ವಾಡಿ ಮ್ಯಾಲೆ, ಹೊಳ್ಳಿ ತಿರುಗ್ರಿ, ಎಡಕ್ಕ ಏಣಿ ಐತಿ, ಹತ್ರಿ ಅಂತ. ನನ್ನ ರಟ್ಟಿ ಹಿಡದು ಜಗ್ಗಿದ್ಲು. ದೀಪ ಹಿಡಕೊಂಡು ನಮ್ಮ ಯಂಕೋಬ, ಅವನ ಇಬ್ರು ತಮ್ಮಂದ್ರು ಮುಂದ ಹೋಗಿಬಿಟ್ಟಿದ್ರು. ಅವರನ್ನ ಕರ್ಕೊಂಡು ಬರ್ತೀನಿ, ನೀ ಹತ್ತವ್ವಾ ಅಂದ್ಲು. ಬೈಗುಳ ಕೇಳಸ್ತಾ ಇತ್ರಿ. ಆಮ್ಯಾಲೆ ನೀರಿನ ಸಪ್ಪಳ ಒಂದೇ." ಯಂಕೋಬ ದುರಗವ್ವನ ಗಂಡ. ಇಪ್ಪತ್ಮೂರು ಮಂದಿ ಹತ್ತಿ ಬಂದರು. ಮೂವರು ಮತ್ತು ನಮ್ಮ ನಕಲಮ್ಮ ಬರಲಿಲ್ಲ. ಆ ಕುರುಡಿ ನಾನೇ ಎಂದು ದುರಗವ್ವನಿಗೆ ಆಗಲೇ ಹೇಳಿದೆ. ಅವಳು ತಟ್ಟೆಯನ್ನು ನೆಲಕ್ಕಿಟ್ಟು ಮಗ್ಗಲು ಬದಲಿಸಿದಳು.

ಹಿರಿಸಭೆ ವಿಚಾರಣೆ ನಡೆಸಿತು. ಅವರ ತೀರ್ಮಾನ ಹೀಗಿದೆ: ಯಂತ್ರ ಕೇಳಿತು, ಓದುಗಿತ್ತಿ ಓದಿದಳು, ನಕಲಮ್ಮ ಕೈ ತೆಗೆದಳು, ಗುಮಾಸ್ತ ಒತ್ತಿದ, ಕ್ರಮದಲ್ಲಿ ತಪ್ಪಿಲ್ಲ. ನಾನು ಎದ್ದು ನಿಂತು, ಒಂದೇ ಸಲ ಓದಿದೆ, ತಪ್ಪಿದೆ ಎಂದೆ. ಅದನ್ನು ಬರೆದುಕೊಳ್ಳಲಿಲ್ಲ. ನನ್ನ ತಪ್ಪನ್ನು ಒಪ್ಪಿಕೊಂಡರೆ ಅಮರಪ್ಪನದನ್ನೂ, ಅಪ್ಪಣೆ ಕೊಟ್ಟವರದನ್ನೂ ಒಪ್ಪಬೇಕಾಗುತ್ತದಲ್ಲ! ನಾಲ್ಕು ಜೀವ ಹೋದ ಮೇಲೂ ಅವರಿಗೆ ಅಂಟಿಸುವ ಆತುರ ಇಳಿದಿಲ್ಲ. ನಾಡಿದ್ದು ಅಮರಪ್ಪ ಮತ್ತೆ ಬರುತ್ತಾನೆ. ಈ ಸಲ ಜನ ಎಂಬ ಚೀಲ. ಮನೆಗೊಂದು ಹಾಳೆ, ಹಾಳೆಯಲ್ಲಿ ಆ ಮನೆಯವರ ಹೆಸರು. ಹಿಂಗಾರಿನಿಂದ ಮಳೆಗೂಡಿನ ಚಾಪೆಯ ಜಾಗ ಆ ಒಂದೇ ಚೀಲ ನೋಡಿ ಹಂಚುತ್ತಾರಂತೆ. ಮೇಲಿನವರು ಕೆಳಗಿನ ಮನೆಗಳಿಗೆ ಬಂದು ತಲೆ ಎಣಿಸಿ ಆರು ವರ್ಷವಾಯಿತು. ಅಂದರೆ ಆರು ವರ್ಷದಲ್ಲಿ ಕೆಳಗೆ ಹುಟ್ಟಿದ ಒಂದು ಮಗುವೂ ಅವರ ಹಾಳೆಗಳಲ್ಲಿ ಇಲ್ಲ, ಹೊಳೆದಂಡೆಯಿಂದ ಬಂದವರಂತೂ ಮೊದಲೇ ಇಲ್ಲ. ಅವರ ಹಾಳೆಗಳ ಮೈಮೇಲೆ ಹೋದ ತಿಂಗಳ ದಿನಾಂಕ ಇದೆ. ನಮ್ಮವುಗಳ ಮೇಲೆ 1980. ಮಳೆ ಬರಲು ಇನ್ನು ನಲವತ್ತು ದಿನ. ಹಾಳೆಯಲ್ಲಿ ಹೆಸರಿಲ್ಲದ ಮಗು ನೀರು ಏರುವಾಗ ಎಲ್ಲಿರಬೇಕು?

ಈಗ ನಕಲಮ್ಮ ನಾನು. ಬೇರೆ ಯಾರೂ ಒಪ್ಪಲಿಲ್ಲ, ಅದಕ್ಕೆ ನಾನು. ನನ್ನ ಓದುಗಿತ್ತಿಯಾಗಿ ದುರಗವ್ವ ಬಂದು ಕೂತಿದ್ದಾಳೆ. ನಾನು ಕರೆಯಲಿಲ್ಲ, ಅವಳೇ ಬಂದಳು. ಬಂದವಳು ಹೇಳಿದ್ದು ಇಷ್ಟೇ: "ನಿನ್ನ ಮ್ಯಾಲಿನ ಸಿಟ್ಟು ಹಂಗೇ ಐತಿ, ಹೋಗೂದಿಲ್ಲ. ಅಕ್ಷರ ಕಲಸು." ಎಂಟು ದಿನದಿಂದ ಕಲಿಯುತ್ತಿದ್ದಾಳೆ. ಸದ್ಯಕ್ಕೆ ನಾಲ್ಕು ಸಾಲು ಓದಬಲ್ಲಳು. ಕೇಳುಗಿಂಡಿಯಲ್ಲಿ ಇರುವುದೂ ಅಷ್ಟೇ.

ಹಿಂದಿನವರೇ, ನನ್ನ ಸಿಟ್ಟಿನಲ್ಲಿ ನಿಮ್ಮ ಪಾಲೂ ಇದೆ. ಅಂಗೈಯಲ್ಲಿ ಇಡೀ ಊರನ್ನು ನಕಲು ಮಾಡುವ ಶಕ್ತಿ ನಿಮಗಿತ್ತು. ಯಂತ್ರಕ್ಕೆ ಕೇಳುವ ಸೌಜನ್ಯವನ್ನೂ ಕಲಿಸಿದಿರಿ. ಅಷ್ಟು ಮಾಡಿ, ಕೇಳಿದ್ದನ್ನು ಓದದೆ ಹೂಂ ಎನ್ನುವುದನ್ನು ನೀವೇ ರೂಢಿ ಮಾಡಿಕೊಂಡಿರಿ. ಆತುರದವರಿಗೆಂದು ಮೂಲೆಯಲ್ಲಿ ಆ ಚಿಕ್ಕ ಪೆಟ್ಟಿಗೆ ಇಟ್ಟಿರಿ. ನಿಮ್ಮಲ್ಲಿ ಅದರಿಂದ ಹಾಳಾಗಿದ್ದು ಒಂದು ಮದುವೆಯ ಫೋಟೋ, ಒಂದು ಪರೀಕ್ಷೆಯ ಉತ್ತರ ಇರಬಹುದು. ನಾಲ್ಕು ದಿನ ಬೇಸರಪಟ್ಟು ಮರೆತಿರಬಹುದು. ನಮಗೆ ಮರೆಯುವಷ್ಟು ಜಾಗ ಇಲ್ಲ. ನಿಮ್ಮನ್ನು ಕೇಳುವುದು ದೊಡ್ಡದೇನಲ್ಲ. ಒಂದೇ ಹೆಸರಿನ ಎರಡು ಹಾಳೆ ಎದುರುಬದುರಾದಾಗ ಎರಡನ್ನೂ ತೆರೆಯಿರಿ. ಗೊತ್ತಾಗದಿದ್ದರೆ ಎರಡನ್ನೂ ಇಡಿ. ಬರೆಯುವ ಪ್ರತಿಯೊಂದರ ಮೊದಲ ಸಾಲಿನಲ್ಲಿ ನಿಮ್ಮ ಕೈಯಾರೆ ದಿನಾಂಕ ಬರೆಯಿರಿ, ನಿಮ್ಮ ಗಡಿಯಾರವೂ ಒಂದು ದಿನ ಸಾಯುತ್ತದೆ. ಪ್ರತಿಯನ್ನು ಮೂಲದ ಪಕ್ಕದಲ್ಲೇ ಇಡಬೇಡಿ, ನಿಮ್ಮ ಮೇಲೆ ನಗುವವರ ಕೈಗಂತೂ ಕೊಡಬೇಡಿ. ಒಕ್ಕೂಟದವರಿಗೂ ಇದನ್ನೇ ಹೇಳಿದ್ದೇನೆ. ಮುಂದಿನ ಕರಪತ್ರದ ಕೊನೆಯಲ್ಲಿ ಹೊಸದು ಗೆಲ್ಲಲಿ ಎಂಬುದರ ಕೆಳಗೆ ಇನ್ನೊಂದು ಸಾಲು ಸೇರುತ್ತದೆ: ತೆರೆದು ನೋಡಿದ ಮೇಲೆ.

ನಾಡಿದ್ದು ಅಮರಪ್ಪ ತನ್ನ ಚೀಲವನ್ನು ಅಂಟಿಸುತ್ತಾನೆ, ಅಪ್ಪಣೆ ಇದೆ, ತಡೆಯಲು ನನಗೆ ಅಧಿಕಾರವಿಲ್ಲ. ಕೇಳುಗಿಂಡಿ ತೆರೆಯುತ್ತದೆ. ನಾನು ಗೋಡೆಗೆ ಕೈ ಒತ್ತುತ್ತೇನೆ. ಮೂಲೆಯ ಪೆಟ್ಟಿಗೆಗೆ ಅವನು ಗುರುತು ಹಾಕಿದರೆ ದುರಗವ್ವ ಅದನ್ನು ತೆಗೆಯುತ್ತಾಳೆ. ಇನ್ನೊಮ್ಮೆ ಹಾಕಿದರೆ ಇನ್ನೊಮ್ಮೆ ತೆಗೆಯುತ್ತಾಳೆ. ನಾನೂರಾ ಎಂಟು ಹಾಳೆ, ಒಂದೊಂದಕ್ಕೂ ಪ್ರಶ್ನೆ ಮೂರು ಸಲ, ಅವಳ ಕೂಡಿಸಿ ಕೂಡಿಸಿ ಓದುವ ಓದಿನಲ್ಲಿ. ನಾಲ್ಕು ದಿನ ಹಿಡಿಯಲಿ, ಎಂಟು ದಿನ ಹಿಡಿಯಲಿ. ಅವಳು ಎರಡನ್ನೂ ಇಡು ಎನ್ನುವವರೆಗೆ ನನ್ನ ಕೈ ಬಂಡೆಯಿಂದ ಏಳುವುದಿಲ್ಲ. ಎಳೆದು ತೆಗೆಯಬೇಕೆಂದರೆ ಜನರೆದುರು ಎಳೆಯಲಿ, ಆಗ ಹಿರಿಸಭೆ ಕ್ರಮದಲ್ಲಿ ತಪ್ಪಿಲ್ಲ ಎಂದು ಹೇಗೆ ಬರೆಯುತ್ತದೋ ನೋಡೋಣ.

ಮೊದಲು ತೆರೆಯುವ ಹಾಳೆ ಏಳನೆಯ ಅಂತಸ್ತಿನ ಮೂಲೆಯ ಮನೆಯದು. ಮೇಲಿನವರ ಚೀಲದಲ್ಲಿ ಅದೇ ಹೆಸರಿನ ಹಾಳೆ ಇದೆ, ಅದರಲ್ಲಿ ಖಾಲಿ ಎಂದು ಬರೆದಿದೆ. ನಮ್ಮ ಹಾಳೆಯನ್ನು ನಿನ್ನೆ ದುರಗವ್ವ ತಾನೇ ತಿದ್ದಿದಳು. ಯಂಕೋಬನ ಹೆಸರಿನ ಮುಂದೆ, ನೀರಿನಲ್ಲಿ ಹೋದ ದಿನ ಬರೆದಳು. ತನ್ನ ಹೆಸರು ಬರೆದಳು. ಅದರ ಕೆಳಗೆ, ಇನ್ನೂ ಹೆಸರಿಡದ ಮಗುವಿಗೆಂದು ಒಂದು ಗೆರೆ ಎಳೆದು ಜಾಗ ಬಿಟ್ಟಳು. ಮೊದಲ ಸಾಲಿನಲ್ಲಿ ದಿನಾಂಕವಿದೆ, ಅವಳದೇ ಅಕ್ಷರ. ಆ ಹಾಳೆಯನ್ನು ಅಮರಪ್ಪ ತೆರೆದೇ ಮುಂದಿನದಕ್ಕೆ ಹೋಗಬೇಕು.

ಕೆಳಗಿನವರ ಅಂಟುಮನೆಯಿಂದ,
ಹುಲಿಗೆವ್ವ, ದ್ಯಾವಮ್ಮನ ನಂತರದ ನಕಲಮ್ಮ